ಎದೆಗೆ ಕಟ್ಟಿದ ಸಾಕ್ಷಿ

ನಕ್ಷೆ ಮಾಸ್ತರರ ಹೆಂಡತಿ ಅವತ್ತು ಒಂದೇ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ ಸಾಕಿತ್ತು. ಆದರೆ ಗಂಡನ ಎದೆಗೆ ಡಾಕ್ಟರಮ್ಮ ಡಬ್ಬಿ ಕಟ್ಟಿ ಕಳಿಸಿದ್ದಾರೆ ಎಂದರೆ ಯಾವ ಹೆಂಡತಿ ಸುಮ್ಮನಿದ್ದಾಳು?

ಮಾಸ್ತರರು ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವರು. ಹನ್ನೆರಡು ವರ್ಷದಿಂದ ಅವರ ಮೇಜು ಮರ ಕೊಯ್ಯುವ ಯಂತ್ರದಿಂದ ನಾಲ್ಕು ಹೆಜ್ಜೆ ದೂರ. ಅದು ಕಿರುಚಿದಾಗಲೆಲ್ಲ ಅವರ ಎದೆ ಡವಡವ ಎನ್ನುತ್ತಿತ್ತು, ಬಿಪಿ ಏರುತ್ತಿತ್ತು. "ಸದ್ದಿನಿಂದ್ಲೂ ಹೃದಯ ಸವೆಯತ್ತೆ ಮಾಸ್ತರೇ" ಎಂದಿದ್ದರು ಡಾಕ್ಟರಮ್ಮ. ಮೇಜನ್ನು ಹಿಂದಿನ ಕೋಣೆಗೆ ಹಾಕಿಸಿಕೊಡಿ ಎಂದು ಕೇಳಿದರೆ ಮಾಲೀಕರು, "ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ, ಅವತ್ತೇ ಮೇಜು ಎತ್ತಿಸ್ತೀನಿ" ಎಂದಿದ್ದರು. ಹಾಗಾಗಿ ಈ ಡಬ್ಬಿ. ಇಡೀ ದಿನದ ಎದೆಬಡಿತ ಅದರಲ್ಲಿ ದಾಖಲಾಗುತ್ತದೆ. ಯಾವಾಗ ಸದ್ದಿತ್ತು, ಯಾವಾಗ ಇರಲಿಲ್ಲ ಎಂದು ಮಾಸ್ತರರು ಚೀಟಿಯಲ್ಲಿ ಬರೆಯಬೇಕು.

ಅವರು ಹುರುಪಿನಿಂದ ಕಾರ್ಖಾನೆಗೆ ಹೋದರೆ ಯಂತ್ರ ನಿಂತಿತ್ತು!

"ಏನಯ್ಯಾ ಆಯ್ತು?"

ಯಂತ್ರ ನಡೆಸುವ ದಾಂಡಿಗ ತುದಿಗಾಲಲ್ಲಿ ಬಂದು ಪಿಸುಗುಟ್ಟಿದ. "ಅತ್ತಿಗೆ ಫೋನ್ ಮಾಡಿದ್ರು. ಇವತ್ತು ನಿಮ್ಮೆದೆಗೆ ಆಯಾಸ ಆಗ್ಬಾರ್ದಂತೆ. ನಾವೆಲ್ಲ ಬಣ್ಣ ಬಳಿಯೋ ಕೆಲ್ಸ ಇಟ್ಕೊಂಡಿದೀವಿ."

"ಅಯ್ಯೋ, ಯಂತ್ರ ಹಾಕ್ರೋ! ಅದಕ್ಕೇ ಇದನ್ನ ಕಟ್ಕೊಂಡು ಬಂದಿರೋದು!"

"ಕೂಗಾಡ್ಬೇಡಿ ಮಾಸ್ತರೇ. ಹೆಚ್ಚುಕಮ್ಮಿ ಆದ್ರೆ ಅತ್ತಿಗೆಗೆ ಏನು ಹೇಳ್ಲಿ?"

ಸುತ್ತಿಗೆಗಳಿಗೆ ಬಟ್ಟೆ ಸುತ್ತಿದ್ದರು. ಮಾಲೀಕರೇ ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡುತ್ತಿದ್ದರು. ಮಾಸ್ತರರಿಗೆ ಕಣ್ಣು ತುಂಬಿ ಬಂತು. ಇವರಿಗೆಲ್ಲ ತನ್ನ ಮೇಲೆ ಇಷ್ಟು ಪ್ರೀತಿಯಿತ್ತೇ ಎಂದು ಸಂತೋಷ. ಸುಮ್ಮನಿರುವುದು ಹನ್ನೆರಡು ವರ್ಷದಿಂದಲೂ ಇವರ ಕೈಲಾಗುವ ಕೆಲಸವೇ ಆಗಿತ್ತಲ್ಲ ಎಂದು ಸಂಕಟ. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದಿನ ಕೋಣೆ ಗಳಿಗೆ ಗಳಿಗೆಗೂ ಕೈತಪ್ಪಿ ಹೋಗುತ್ತಿದೆ ಎಂಬ ಗಾಬರಿ.

ಗಂಟೆ ಹತ್ತಾಯಿತು, ಹನ್ನೆರಡಾಯಿತು. ಮಾಸ್ತರರು ಸುಳ್ಳು ಬರೆಯುವವರಲ್ಲ. ಬೆವರೊರೆಸಿಕೊಳ್ಳುತ್ತ ಚೀಟಿಯಲ್ಲಿ 'ಸದ್ದಿಲ್ಲ', 'ಸದ್ದಿಲ್ಲ' ಎಂದೇ ಬರೆದರು. ತಡೆಯಲಾರದೆ ತಾವೇ ಹೋಗಿ ಯಂತ್ರದ ಗುಂಡಿಗೆ ಕೈ ಹಾಕಿದರೆ, ನಾಲ್ಕು ಜನ ಹೊತ್ತು ತಂದು ಬೆಂಚಿನ ಮೇಲೆ ಮಲಗಿಸಿ ಗಾಳಿ ಬೀಸಿದರು.

ಸಂಜೆ ನಾಲ್ಕಕ್ಕೆ ತುರ್ತಿನ ಬಾಗಿಲೊಂದರ ಕೆಲಸ ಬಂತು. "ಹತ್ತೇ ನಿಮಿಷ, ಬೇಜಾರ್ ಮಾಡ್ಕೋಬೇಡಿ" ಎಂದು ದಾಂಡಿಗ ಕೈಮುಗಿದು ಯಂತ್ರ ಹಾಕಿದ. ಅದು ಕಿರುಚಿತು. ಅಬ್ಬಾ! ಮಾಸ್ತರರು ಕುರ್ಚಿಗೊರಗಿ ನೆಮ್ಮದಿಯ ಉಸಿರು ಬಿಟ್ಟರು. 'ಯಂತ್ರದ ಸದ್ದು' ಎಂದು ದಪ್ಪ ಅಕ್ಷರದಲ್ಲಿ ಬರೆದರು.

ಮರುದಿನ ಡಾಕ್ಟರಮ್ಮ ದಾಖಲೆಯನ್ನೂ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು, ಮತ್ತೆ ನೋಡಿದರು.

"ವಿಚಿತ್ರ ಕಣ್ರೀ. ಸದ್ದಿಲ್ಲ ಅಂತ ಬರ್ದಿರೋ ಕಡೆಯೆಲ್ಲ ಬಡಿತ ನೂರಿಪ್ಪತ್ತು. ಯಂತ್ರ ಓಡಿದ ಹತ್ತು ನಿಮಿಷ ಮಾತ್ರ ಎಪ್ಪತ್ತು, ಹಾಲು ಕುಡಿದು ಮಲಗಿದ ಮಗು ಥರ!"

"ಅದು ಹಾಗಲ್ಲ ತಾಯಿ! ಎಲ್ರೂ ಸುಮ್ನಿದ್ರಲ್ಲ, ಅದಕ್ಕೇ ಎದೆ ಹೊಡ್ಕೊಂಡಿದ್ದು!"

"ದಾಖಲೇನೂ ಅದನ್ನೇ ಹೇಳ್ತಿದೆ" ಎಂದು ಡಾಕ್ಟರಮ್ಮ ಕಂಡದ್ದನ್ನು ಕಂಡಂತೆ ಬರೆದುಕೊಟ್ಟರು.

ಮಾಲೀಕರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಅವತ್ತೇ ಮೇಜು ಎತ್ತಿಸಿ ಯಂತ್ರಕ್ಕೆ ತಾಗಿಸಿಯೇ ಹಾಕಿಸಿದರು. ದಾಂಡಿಗನಂತೂ ಮಾಸ್ತರರ ಮೇಲಿನ ಪ್ರೀತಿಗೆ ಊಟದ ಹೊತ್ತಿನಲ್ಲೂ ಯಂತ್ರ ನಿಲ್ಲಿಸಲಿಲ್ಲ.