ಒಗ್ಗರಣೆಯಷ್ಟು ಟೆಸ್ಟೊಸ್ಟೆರಾನ್

ಹಾಸನದ ಒಂದು ಲ್ಯಾಬಿನಲ್ಲಿ ಹದಿನೈದು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಸಕ್ಕರೆ ಕಾಯಿಲೆಯವರು ತೆಪ್ಪಗೆ ಕೈ ಚಾಚಿ ಕೊಟ್ಟು ಹೋಗುತ್ತಾರೆ. ಟೆಸ್ಟೊಸ್ಟೆರಾನ್ ಅನ್ನೋ ಗಂಡಸರ ಹಾರ್ಮೋನಿನ ಪರೀಕ್ಷೆಗೆ ಬಂದವರು ಮಾತ್ರ ಏನಾದರೊಂದು ರಾಮಾಯಣ ಮಾಡದೆ ಹೋಗುವುದಿಲ್ಲ.

ಒಂದು: ಓನರ ಶಾಸ್ತ್ರ

ನಮ್ಮ ಓನರು ಡಾಕ್ಟರಲ್ಲ, ಸಿಮೆಂಟ್ ವ್ಯಾಪಾರದಿಂದ ಬಂದವರು. ಹಾಸನ, ಅರಕಲಗೂಡು, ಹೊಳೆನರಸೀಪುರ, ಮೂರೂ ಕಡೆ ಅವರ ಲ್ಯಾಬಿದೆ. ಚನ್ನರಾಯಪಟ್ಟಣದಲ್ಲಿ ನಾಲ್ಕನೆಯದು ಶುರುಮಾಡುವ ಮಾತು ಬಂತು. ಅದರ ಇನ್‌ಚಾರ್ಜ್ ನಾನೇ ಆಗಬೇಕು ಅಂತ ನನ್ನಾಸೆ. ಆಸೆ ಏನು ಬಂತು, ಹಟ! ಹೋಗಿ ಕೇಳಿಯೇಬಿಟ್ಟೆ.

"ನೀನು ಕೆಲ್ಸಗಾರ್ತಿ, ಇಲ್ಲ ಅನ್ನಕಿಲ್ಲ. ಆದ್ರೆ ನಾಕು ಜನಾನ ಗದರಿಸಿ ಕೆಲ್ಸ ತೆಗೀಬೇಕು ಅಂದ್ರೆ ಟೆಸ್ಟೊಸ್ಟೆರಾನ್ ಬೇಕು ಕಣಮ್ಮ. ಮೊಬೈಲಲ್ಲಿ ನೋಡ್ದೆ."

ಮೈಯೆಲ್ಲ ಉರಿದುಹೋಯ್ತು. "ಹೆಂಗಸರಿಗೂ ಇರ್ತದೆ ಸಾ," ಅಂದೆ.

"ಇರ್ತದೆ, ಒಗ್ಗರಣೆಗೆ ಹಾಕೋವಷ್ಟು."

"ಸಾರಿಗೆ ರುಚಿ ಬರೋದೇ ಒಗ್ಗರಣೆಯಿಂದ ಸಾ!" ಅಂದು ಎದ್ದು ಬಂದೆ.

ಎರಡು: ಮೀಸೆ

ಅದೇ ವಾರ ಅರಕಲಗೂಡಿನ ಕಡೆಯ ಯಜಮಾನರೊಬ್ಬರು ಹೆಂಡತಿ ಜೊತೆ ಇದೇ ಪರೀಕ್ಷೆಗೆ ಬಂದರು. ಮೀಸೆ ಕಿವಿಯ ತನಕ ಇತ್ತು. "ಗಂಡಸಿಗೆ ಸೂಜಿ ಏನ್ ಮಾಡ್ತದಮ್ಮ, ಚುಚ್ಚು," ಅಂದರು. ನಾನಿನ್ನೂ ಸ್ಪಿರಿಟ್ ಹತ್ತಿಯಲ್ಲಿ ಕೈ ಒರೆಸುತ್ತಿದ್ದೆ, ಅಷ್ಟೇ, ಮನುಷ್ಯ ಕಣ್ಣು ತೇಲಿಸಿ ಕುರ್ಚಿಗೆ ಒರಗಿಬಿಟ್ಟರು. ಅಯ್ಯಯ್ಯೋ ಅಂತ ನಾನು ನೀರಿಗೆ ಓಡಿದೆ.

ಹೆಂಡತಿ ಕೂತಲ್ಲಿಂದಲೇ ಹೇಳಿದರು: "ನೀರು ಆಮೇಲೆ ಕಣವ್ವ. ಈಗ್ಲೇ ರಕ್ತ ತಕ್ಕೊಂಬುಡು. ಎಚ್ಚರ ಆದ್ರೆ ಬುಡಾಕಿಲ್ಲ."

ಮೂರು: ಅತ್ತೆ, ಸೊಸೆ

ಹೊಳೆನರಸೀಪುರದ ಅತ್ತೆಯೊಬ್ಬರು ಸೊಸೆಯನ್ನು ಕರೆತಂದರು. ಸೊಸೆಗೆ ಗಲ್ಲದ ಮೇಲೆ ಕೂದಲು, ಮುಟ್ಟು ಏರುಪೇರು. ಡಾಕ್ಟರು ಇದೇ ಪರೀಕ್ಷೆ ಬರೆದಿದ್ದರು. ಪಾಪ, ಆ ಹುಡುಗಿ ಸೆರಗಲ್ಲಿ ಗಲ್ಲ ಮುಚ್ಚಿ, ತಲೆ ತಗ್ಗಿಸಿ ಕೂತಿತ್ತು.

"ಗಂಡಸ್ರದು ಇವಳಿಗ್ಯಾಕವ್ವ?" ಅಂದರು ಅತ್ತೆ.

"ಎಲ್ಲ ಹೆಂಗಸರಿಗೂ ಇರ್ತದಮ್ಮ. ಇವರಿಗೆ ಒಂಚೂರು ಜಾಸ್ತಿ ಇರಬೌದು, ಅದಕ್ಕೆ ಔಷಧಿ ಇದೆ. ನಾಚ್ಕೋಳೋದು ಏನಿದೆ?"

"ಅಂಗಾದ್ರೆ ನಂಗೂ ಅದಾ?"

"ಇದೆ."

ಅತ್ತೆ ಸೊಸೆಯ ಬೆನ್ನಿಗೊಂದು ಗುದ್ದು ಕೊಟ್ಟರು. "ತಲೆ ಎತ್ತು ಮಗ! ನಮ್ಮನೇಲಿ ನನ್ ಮಗನ್ನ ಬುಟ್ಟು ಎಲ್ರಿಗೂ ಅದೆ."

ನಾಲ್ಕು: ದಪ್ಪಕ್ಷರ

ಚನ್ನರಾಯಪಟ್ಟಣದಲ್ಲಿ ಬೋರ್ಡೂ ಹಾಕಿಯಾಯ್ತು. ಇನ್‌ಚಾರ್ಜ್ ಯಾರು ಅಂತ ಓನರು ಬಾಯಿ ಬಿಡಲಿಲ್ಲ. ಒಂದು ಬೆಳಗ್ಗೆ ಮುಖ ಅರಳಿಸಿಕೊಂಡು ಬಂದು ನನ್ನ ಟೇಬಲ್ ಮೇಲೆ ರಿಪೋರ್ಟು ಬಡಿದರು. "ನೋಡು! ಟೆಸ್ಟೊಸ್ಟೆರಾನ್ 'ಹೈ' ಅಂತ ದಪ್ಪಕ್ಷರದಲ್ಲಿ ಬಂದದೆ!"

ನೋಡಿದರೆ ಹೆಸರು ಅವರ ಹೆಂಡತಿಯದು.

"ಇದು ಮೇಡಮ್ಮೋರದಲ್ವಾ ಸಾ?"

"ನಂದೇ ಕಣಮ್ಮ. ಸ್ಟಾಫು ಆಡ್ಕೋತಾರೆ ಅಂತ, ನರ್ಸು ನಾದಿನಿ ಕೈಲಿ ಮನೇಲೇ ರಕ್ತ ತೆಗೆಸಿ, ನನ್ ಹೆಂಡ್ತಿ ಹೆಸರು ಬರ್ದು ಕಳಿಸ್ದೆ."

"ಹೆಂಗಸಿನ ಹೆಸರು ಕೊಟ್ರೆ ಕಂಪ್ಯೂಟರು ಹೆಂಗಸಿನ ಅಳತೇಲೇ ನೋಡ್ತದೆ ಸಾ. ಆ ಅಳತೆಗೆ ಗಂಡಸರದ್ದು ಹೈ ಬರದೆ ಇನ್ನೇನು?"

ಓನರ ಮುಖ ಸಪ್ಪಗಾಯ್ತು. "ಗಂಡಸರ ಅಳತೆಗೆ?"

ಪಟ್ಟಿ ತೆಗೆದು ನೋಡಿದೆ. "ಕಮ್ಮಿ ಸಾ."

ಪಾಪ ಅನ್ನಿಸಿತು. ಆದರೆ ಬಿಡೋಳಲ್ಲ ನಾನು.

"ಹೆದರಬೇಡಿ ಸಾ, ಡಾಕ್ಟರಿಗೆ ತೋರಿಸಿ. ಆದ್ರೆ ಇಷ್ಟು ಕಮ್ಮಿ ಇಟ್ಕೊಂಡೇ ಮೂರು ಲ್ಯಾಬು ನಡೆಸ್ತಾ ಇದ್ದೀರಲ್ಲ, ನನ್ನ ಕೈಲಿ ಒಂದು ನಡೆಸಕ್ಕಾಗಲ್ವಾ?"

ಓನರು ಚನ್ನರಾಯಪಟ್ಟಣದ ಬೀಗದಕೈ ಟೇಬಲ್ ಮೇಲಿಟ್ಟು, ರಿಪೋರ್ಟನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ಹಾಕಿಕೊಂಡು ಹೋದರು.