ಬೆಂಬಲ ಬ್ರ್ಯಾಂಡಿನ ಬೆನ್ನುಕೋಲು

ಒಂಟಿಯಾಗಿರುವವರಿಗೆ ಅಡುಗೆ ಕಷ್ಟವಲ್ಲ. ಕರೆಂಟು ಹೋದರೂ ಕಷ್ಟವಲ್ಲ. ಕಷ್ಟವೆಲ್ಲ ಇರುವುದು ಬೆನ್ನಿನ ನಡುಭಾಗದಲ್ಲಿ. ಮೇಲಿನಿಂದ ಕೈ ಹಾಕಿದರೂ ಎಟುಕುವುದಿಲ್ಲ, ಕೆಳಗಿನಿಂದ ಹಾಕಿದರೂ ಎಟುಕುವುದಿಲ್ಲ. ಮನುಷ್ಯನ ಪಕ್ಕದಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ ಎಂದುಕೊಂಡು ದೇವರು ಆ ಜಾಗವನ್ನು ಹಾಗೇ ಬಿಟ್ಟಿರಬೇಕು. ನನ್ನ ವಿಷಯದಲ್ಲಿ ಅವನ ಅಂದಾಜು ತಪ್ಪಿತು.

ನಾನು ನಂಜನಗೂಡಿನವಳು. ತಾಂಡ್ಯದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದೇನೆ. ಹೊರಗಿನಿಂದ ಬರುವ ಮಾಲನ್ನು ಪರೀಕ್ಷಿಸಿ ಒಳಗೆ ಬಿಡುವುದು ನನ್ನ ಕೆಲಸ. ಲೇಬಲ್ ಸೊಟ್ಟಗಿದ್ದರೂ ಲಾರಿ ವಾಪಸ್ ಕಳಿಸುವವಳು ಎಂದು ನನ್ನ ಖ್ಯಾತಿ. ಮದುವೆಯಾಗಲಿಲ್ಲ. ಅದು ಬೇರೆ ಕಥೆ, ಅಷ್ಟೇನೂ ಸ್ವಾರಸ್ಯವಿಲ್ಲ. ಅಮ್ಮ ಇರುವ ತನಕ ಬೆನ್ನುನೋವು ಬಂದರೆ ಅವಳೇ ಮುಲಾಮು ತಿಕ್ಕುತ್ತಿದ್ದಳು. ತಿಕ್ಕುವಷ್ಟು ಹೊತ್ತೂ ಬಯ್ಯುತ್ತಿದ್ದಳು. ಅವಳು ಹೋದ ಮೇಲೆ ನೋವು ಮಾತ್ರ ಉಳಿಯಿತು.

ಒಂದು ಸಂಜೆ ತಡೆಯಲಾಗದೆ, ದೋಸೆ ಮೊಗಚುವ ಸಟ್ಟುಗಕ್ಕೆ ಬಟ್ಟೆ ಸುತ್ತಿ, ಮುಲಾಮು ಬಳಿದು, ಬೆನ್ನಿಗೆ ತಿಕ್ಕಿಕೊಂಡೆ. ಉಪಾಯ ಫಲಿಸಿತು. ಬೆಳಿಗ್ಗೆ ಅದನ್ನೇ ತೊಳೆದು ದೋಸೆ ಹೊಯ್ದೆ. ಆವತ್ತೇ ಪಕ್ಕದ ಮನೆಯ ಪುಟ್ಟತಾಯಮ್ಮನವರಿಗೆ ಎರಡು ದೋಸೆ ಕೊಡುವ ಔದಾರ್ಯವೂ ನನ್ನಲ್ಲಿ ಉಕ್ಕಿತು.

"ದೋಸೆ ತಿಂದು ಕಟ್ಟಿದ್ ಮೂಗು ಬುಟ್ಕತು ಕಣ್ ರತ್ನವ್ವ, ಏನಾಕಿದ್ದೆ?" ಎಂದು ಕಾಂಪೌಂಡಿನ ಆಚೆಯಿಂದ ಕೇಳಿದರು.

"ಶುಂಠಿ" ಎಂದೆ.

ಇದು ಹೀಗೇ ನಡೆಯುವಂತಿಲ್ಲ ಎಂದು ಫೋನಿನಲ್ಲಿ ಹುಡುಕಿದೆ. ಉದ್ದನೆಯ ಬಾಗಿದ ಹಿಡಿ, ತುದಿಯಲ್ಲಿ ಎಣ್ಣೆ ತುಂಬುವ ಪುಟ್ಟ ಡಬ್ಬಿ, ಅದರ ಮುಂದೆ ಉರುಳುವ ಗುಂಡುಗಳು. ಇಂಥದ್ದೊಂದು ಕೋಲನ್ನು ಉತ್ತರದ ಕಡೆಯ ಒಬ್ಬ ವ್ಯಾಪಾರಿ ಹೆಸರಿಲ್ಲದೆ ಸಗಟಾಗಿ ಕೊಡುತ್ತಿದ್ದ. ಕೊಂಡವರು ತಮ್ಮ ಹೆಸರು ಅಂಟಿಸಿ ಆನ್‌ಲೈನಿನಲ್ಲಿ ಮಾರಬಹುದು. ಇದಕ್ಕೆ ಪ್ರೈವೇಟ್ ಲೇಬಲ್ ಎನ್ನುತ್ತಾರಂತೆ. ನನ್ನ ಕಣ್ಣ ಮುಂದೆ ರಾಜ್ಯದ ಎಲ್ಲ ಒಂಟಿ ಬೆನ್ನುಗಳೂ ಸಾಲಾಗಿ ನಿಂತವು. ಹೆಸರೂ ಹೊಳೆಯಿತು: ಬೆಂಬಲ. ಕನ್ನಡದಲ್ಲಿ ಇಷ್ಟು ಒಳ್ಳೆಯ ಹೆಸರು ನನಗಾಗಿಯೇ ಕಾದು ಕುಳಿತಿತ್ತೆಂದು ಆಶ್ಚರ್ಯವಾಯಿತು.

ಮಾರುವ ಜಾಲತಾಣದಲ್ಲಿ ಖಾತೆ ತೆರೆಯುವಾಗ ಒಂದು ಪ್ರಶ್ನೆ ಬಂತು. ಈ ವಸ್ತು ಬೇರೆಯವರ ಪೇಟೆಂಟ್, ಡಿಸೈನ್ ಮುಂತಾದ ಹಕ್ಕುಗಳನ್ನು ಮೀರುವುದಿಲ್ಲ ಎಂದು ಒಪ್ಪಿ ಟಿಕ್ ಹಾಕಬೇಕು. ನಾನು ಓದದೆ ಟಿಕ್ ಹಾಕುವ ಪೈಕಿಯಲ್ಲ. ವಿಧ್ಯುಕ್ತವಾಗಿ ತನಿಖೆ ಆರಂಭಿಸಿದೆ.

ಮೊದಲು ಆ ವ್ಯಾಪಾರಿಗೆ ಫೋನು ಮಾಡಿ ಪೇಟೆಂಟಿನ ತೊಂದರೆ ಏನಾದರೂ ಇದೆಯೇ ಎಂದು ಕೇಳಿದೆ. "ನೋ ಟೆನ್ಶನ್ ಮೇಡಂ, ಎಲ್ಲರೂ ಮಾರ್ತಾ ಇದಾರೆ" ಎಂದು ಹಿಂದಿಯಲ್ಲಿ ಹೇಳಿದ. ಎಮ್ಮೆ ಮಾರುವವನನ್ನೇ ಎಮ್ಮೆ ಹಾಯುತ್ತದೆಯೇ ಎಂದು ಕೇಳಿದಂತಾಯಿತು ಎಂದು ನನಗೇ ಅನ್ನಿಸಿ, ಎರಡನೇ ಹಂತಕ್ಕೆ ಹೋದೆ. ಪೇಟೆಂಟ್ ಹುಡುಕುವ ಸರಕಾರಿ ತಾಣ ತೆರೆದು 'ಬೆಂಬಲ' ಎಂದು ಇಂಗ್ಲಿಷಿನಲ್ಲಿ ಬರೆದು ಹುಡುಕಿದೆ. ಏನೂ ಸಿಗಲಿಲ್ಲ. ಕಾಗುಣಿತ ಬದಲಿಸಿ ಮತ್ತೆ ಹುಡುಕಿದೆ. ಆಗಲೂ ಏನೂ ಇಲ್ಲ. ಇಡೀ ದೇಶದಲ್ಲಿ ನನಗೆ ಅಡ್ಡ ಬರುವವರು ಯಾರೂ ಇಲ್ಲ ಎಂದು ಖಾತ್ರಿಯಾಗಿ, ಟಿಕ್ ಹಾಕಿ, ಸಂಭ್ರಮಕ್ಕೆ ಪಾಯಸ ಮಾಡಿದೆ. ಒಬ್ಬಳಿಗೇ ಪಾಯಸ ಮಾಡುವುದರ ತೊಂದರೆಯೆಂದರೆ ಮೂರು ದಿನ ಸಂಭ್ರಮಿಸಬೇಕಾಗುತ್ತದೆ.

ಉಳಿತಾಯವನ್ನೆಲ್ಲ ಹಾಕಿ ಮಾಲು ತರಿಸಿದೆ. ಪೆಟ್ಟಿಗೆಗಳು ಅಮ್ಮನ ಕೋಣೆ ತುಂಬಿ, ಅವಳ ಮಂಚದ ಮೇಲೂ ಏರಿದವು. ಬಹಳ ದಿನದ ಮೇಲೆ ಆ ಕೋಣೆಯಲ್ಲಿ ದೀಪ ಹಾಕಿದೆ. ಪುಟ್ಟತಾಯಮ್ಮ ಆಟೋದಿಂದ ಪೆಟ್ಟಿಗೆ ಇಳಿಯುವುದನ್ನು ನೋಡಿ, "ಮದ್ವೆ ಗಿದ್ವೆ ಏನಾರಾ ಇಟ್ಕಂಡಿದ್ದೀಯಾ?" ಎಂದು ಕೇಳಿದರು. ವ್ಯಾಪಾರ ಎಂದೆ. ಅವರ ಮುಖ ಸಣ್ಣಗಾಯಿತು.

ಸಂಜೆ ಕೆಲಸದಿಂದ ಬಂದವಳೇ ಮಂಚದ ಅಂಚಿನಲ್ಲಿ ಕೂತು ಸ್ಟಿಕ್ಕರ್ ಅಂಟಿಸುತ್ತಿದ್ದೆ. ಡಬ್ಬಿಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ, ಅಂಕಿ ಇದ್ದವು. ಬ್ಯಾಚ್ ನಂಬರಿರಬೇಕು, ಅಂದಗೆಡಿಸುತ್ತದೆ ಎಂದು ಸ್ಟಿಕ್ಕರನ್ನು ಸರಿಯಾಗಿ ಅದರ ಮೇಲೆಯೇ ಅಂಟಿಸಿದೆ. ಒಂದೂ ಸೊಟ್ಟಗಾಗಲಿಲ್ಲ.

ಮಾರಾಟಕ್ಕಿಟ್ಟ ಮೇಲೆ ಬಹಳ ದಿನ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಒಂದು ಆರ್ಡರ್ ಬಂತು. ನಮ್ಮ ತಾಲ್ಲೂಕಿನ ಹೆಡತಲೆ ಎಂಬ ಊರಿನಿಂದಲೇ, ಯಾರೋ ಜಯಮ್ಮ. ನಾನು ಅದನ್ನು ಮಗಳ ಬಾಗಿನ ಕಟ್ಟುವಂತೆ ಕಟ್ಟಿ ಕಳಿಸಿದೆ. ಈ ಸಂತೋಷವನ್ನು ಯಾರಿಗಾದರೂ ಹೇಳಬೇಕಲ್ಲ. ಭಾನುವಾರ ಒಂದು ಕೋಲು ಹಿಡಿದು ತಿ. ನರಸೀಪುರದ ಬಸ್ಸು ಹತ್ತಿದೆ.

ಅಲ್ಲಿ ನನ್ನ ಸೋದರಮಾವನ ಮಗ ಮಹದೇವಸ್ವಾಮಿ ಇದ್ದಾರೆ. ವಕೀಲರು. ಜಮೀನು ಭಾಗದ ಕೇಸುಗಳಲ್ಲೇ ಕೂದಲು ಉದುರಿಸಿಕೊಂಡವರು. ಭಾವನಿಗೆ ಕೋಲನ್ನು ಉಡುಗೊರೆ ಕೊಟ್ಟು, ನಡೆದದ್ದನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಪೇಟೆಂಟ್ ಪರೀಕ್ಷೆ ಮಾಡಿದ ಭಾಗವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಿದೆ.

ಭಾವ ಕಾಫಿ ಲೋಟ ಕೆಳಗಿಟ್ಟರು. "ಏನಂತ ಹುಡುಕ್ದೆ?"

"ಬೆಂಬಲ ಅಂತ."

"ರತ್ನ, ಜಮೀನು ತಗೊಳೋಕೆ ಮುಂಚೆ ಪಹಣೀಲಿ ಯಾರ ಹೆಸ್ರದೆ ಅಂತ ನೋಡ್ತಾರೆ. ನೀನು ನಿನ್ನ ಹೆಸ್ರೇ ಹುಡುಕ್ಬುಟ್ಟು, ಇಲ್ಲ ಅಂತ ಖುಷಿಪಟ್ಕೊಂಡು ಬಂದಿದ್ದೀಯ."

ನಾನು ನನ್ನ ಕಾಫಿ ಲೋಟ ಎತ್ತಿಕೊಂಡೆ. ಭಾವ ಮುಂದುವರಿಸಿದರು.

"ಹೆಸ್ರು ಬೇರೆ, ಆಕಾರ ಬೇರೆ, ಅದು ಕೆಲಸ ಮಾಡೋ ರೀತಿ ಬೇರೆ ಕಣಮ್ಮ. ಆಕಾರಕ್ಕೆ ಡಿಸೈನು, ಕೆಲಸ ಮಾಡೋ ರೀತಿಗೆ ಪೇಟೆಂಟು. ಪೇಟೆಂಟಿಗೂ ಚಕ್ಕುಬಂದಿ ಇರ್ತದೆ. ಇಲ್ಲಿಂದ ಇಲ್ಲಿಗಂಟ ನಂದು ಅಂತ ಬರ್ಸಿರ್ತಾರೆ. ನಮ್ ವಸ್ತು ಅದ್ರೊಳಗೆ ಕಾಲಿಟ್ಟದಾ ಇಲ್ವಾ, ಅದನ್ನ ಗೊತ್ತಿರೋರ ಹತ್ರ ಕೂತು ನೋಡಿಸ್ಬೇಕು. ಮಾಲು ತರ್ಸೋಕೆ ಮುಂಚೆ."

ಹೀಗೆ ಹೇಳುತ್ತಲೇ ಅವರು ಕೋಲನ್ನು ತಿರುಗಿಸಿದರು. ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಎಬ್ಬಿಸಿದರು. ಕನ್ನಡಕ ಹಣೆಗೇರಿಸಿ ಆ ಸಣ್ಣ ಅಕ್ಷರಗಳನ್ನು ಓದಿದರು.

"ಇದೇನು?"

"ಬ್ಯಾಚ್ ನಂಬರು."

"ಡಿಸೈನು ರಿಜಿಸ್ಟರ್ ಮಾಡ್ಸಿರೋ ನಂಬರು ಕಣಮ್ಮ ಇದು. ನಕಲು ಮಾಡ್ದವನು ಅಸಲಿಯಿಂದ ಅಚ್ಚು ತೆಗೆದವ್ನೆ, ನಂಬರೂ ಸೇರ್ಕೊಂಡು ಬಂದದೆ." ಆಮೇಲೆ ನನ್ನ ಮುಖ ನೋಡಿದರು. "ಇದ್ರ ಮೇಲೇ ಅಂಟಿಸಿದ್ದೀಯಲ್ಲ. ಎಲ್ಲಾದ್ರ ಮೇಲೂ ಹಿಂಗೇನಾ?"

"ಎಲ್ಲಾದರ ಮೇಲೂ. ಒಂದೂ ಸೊಟ್ಟಗಿಲ್ಲ" ಎಂದೆ.

ಭಾವ ಆ ದಿನ ನನಗೆ ಮರೆಯಲಾಗದ ಒಂದು ಮಾತು ಹೇಳಿದರು. ಕಳ್ಳ ಕೂಡ ಇಷ್ಟು ಅಚ್ಚುಕಟ್ಟಾಗಿ ಸಾಕ್ಷಿ ಮುಚ್ಚುವುದಿಲ್ಲವಂತೆ.

ಬಸ್ಸಿನಲ್ಲಿ ವಾಪಸ್ ಬರುವಾಗ, ಭಾವ ಬೇಡವೆಂದು ಹಿಂದಿರುಗಿಸಿದ ಕೋಲು ಕಂಬಿಗೆ ತಗುಲಿ ಟಕ್ ಟಕ್ ಎನ್ನುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಇದೇನೆಂದು ಕೇಳಿದಳು. ಕೊಡೆ ಎಂದೆ. ಮನೆಗೆ ಬಂದು ಮೊದಲು ಮಾರಾಟದ ಪುಟ ತೆಗೆದುಹಾಕಿದೆ. ಸಗಟು ವ್ಯಾಪಾರಿಗೆ ಫೋನು ಮಾಡಿದೆ. ಎಲ್ಲರೂ ಮಾರ್ತಾ ಇದಾರೆ ಎಂದವನ ಫೋನು ಸ್ವಿಚ್ ಆಫ್ ಆಗಿತ್ತು, ಇವತ್ತಿಗೂ ಹಾಗೇ ಇದೆ.

ಮೈಸೂರಿನಲ್ಲಿ ಇಂಥ ಕೆಲಸ ಬಲ್ಲ ಭಾವನ ಪರಿಚಯದವರೊಬ್ಬರು ಪರೀಕ್ಷಿಸಿ ನೋಡಿದರು. ನೋಂದಣಿ ಇನ್ನೂ ಜಾರಿಯಲ್ಲಿತ್ತು, ನನ್ನ ಕೋಲು ಅಸಲಿಯ ಅವಳಿಯಂತಿತ್ತು. ನಾವಾಗಿಯೇ ಹೇಳಿಬಿಡುವುದು ಮೇಲು ಎಂದು ಭಾವ ಎದುರಿಗೆ ಕೂತು ಡಿಸೈನಿನ ಒಡೆಯರಿಗೆ ಫೋನು ಮಾಡಿಸಿದರು. ಹೊರ ರಾಜ್ಯದ ಒಂದು ಸಣ್ಣ ವರ್ಕ್‌ಶಾಪಿನವರು. ಎಷ್ಟು ಮಾರಿದ್ದೀರಿ ಎಂದು ಇಂಗ್ಲಿಷಿನಲ್ಲಿ ಗಡುಸಾಗಿ ಕೇಳಿದರು.

"ಒನ್" ಎಂದೆ.

"ಒನ್ ಥೌಸಂಡ್?"

"ಒನ್."

ಮತ್ತೆ ಮಾತಾಡಿದಾಗ ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವೇ ವಾಸಿಯಿತ್ತು. ಉಳಿದ ಮಾಲನ್ನು ಪುಡಿ ಮಾಡಿಸಿ, ಮಾರಿದ ಒಂದನ್ನು ವಾಪಸ್ ಪಡೆದರೆ ವಿಷಯ ಇಲ್ಲಿಗೆ ಮುಗಿಯಿತು ಎಂದರು. ಗಿರಾಕಿಗೆ ಬದಲಿ ಕೊಡಲು ತಮ್ಮದೇ ಅಸಲಿ ಕೋಲೊಂದನ್ನು ನನಗೆ ಮಾರಿದರು. ಅವರ ಆ ವಾರದ ವ್ಯಾಪಾರಕ್ಕೆ ನನ್ನಿಂದ ಅಷ್ಟು ಉಪಕಾರವಾಯಿತು.

ಗುಜರಿ ಅಂಗಡಿಯ ಯಂತ್ರಕ್ಕೆ ನನ್ನ ಬೆಂಬಲವೆಲ್ಲ ಹೋಯಿತು. ಅಮ್ಮನ ಕೋಣೆ ಮತ್ತೆ ಖಾಲಿಯಾಯಿತು. ಪೆಟ್ಟಿಗೆಗಳಿದ್ದಾಗ ಅಲ್ಲಿ ಯಾರೋ ಇದ್ದಂತಿತ್ತು ಎಂದು ಆಗ ಗೊತ್ತಾಯಿತು. ದೀಪ ಆರಿಸಿ ಬಾಗಿಲೆಳೆದೆ.

ಮುಂದಿನ ಭಾನುವಾರ ಅಸಲಿ ಕೋಲು ಹಿಡಿದು ಹೆಡತಲೆಗೆ ಹೋದೆ. ಜಯಮ್ಮ ದರ್ಜಿ. ಬಾಡಿಗೆಯ ಒಂದೇ ಕೋಣೆ, ಬಾಗಿಲ ಬಳಿ ಹೊಲಿಗೆ ಯಂತ್ರ, ಗೋಡೆಯ ಮೊಳೆಯಲ್ಲಿ ನನ್ನ ಕೋಲು. ವಯಸ್ಸು ಹೆಚ್ಚುಕಡಿಮೆ ನನ್ನದೇ. ನಾನು ವಿಷಯವನ್ನು ಬಹಳ ಗಂಭೀರವಾಗಿ ವಿವರಿಸಿದೆ. ಡಿಸೈನ್, ನೋಂದಣಿ, ಹಕ್ಕು, ಚಕ್ಕುಬಂದಿ ಯಾವುದನ್ನೂ ಬಿಡಲಿಲ್ಲ.

"ಅಂಗಂದ್ರೆ ಏನಕ್ಕ, ಪೊಲೀಸ್ನೋರು ಬತ್ತಾರಾ?" ಎಂದಳು.

"ಇಲ್ಲ. ಆ ಕೋಲು ಕೊಟ್ಟು ಈ ಕೋಲು ತಗೊಳ್ಳಿ, ಅಷ್ಟೆ."

ಎರಡನ್ನೂ ಕೈಯಲ್ಲಿ ಹಿಡಿದು ತೂಗಿ ನೋಡಿದಳು. "ಇದು ವಾಸಿ ಅದೆ. ನಿಮ್ದು ಒಸಿ ಕಿರಗುಟ್ತದೆ. ಆದ್ರೆ ನಿಮ್ದ್ರಲ್ಲಿ ಎಸ್ರು ಚೆನ್ನಾಗದೆ ಕಣಕ್ಕ. ಕನ್ನಡ್ದಲ್ಲಿ ಅದೆ."

ಹೀಗೆಂದವಳೇ ನನ್ನ ಕೋಲಿನ ಸ್ಟಿಕ್ಕರನ್ನು ಸೂಜಿಯಿಂದ ನಾಜೂಕಾಗಿ ಬಿಡಿಸಿ, ಅಸಲಿ ಕೋಲಿನ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದಳು. ಸರಿಯಾಗಿ ಅದೇ ನಂಬರಿನ ಮೇಲೆ. ಪರರ ಅಸಲಿ ಮಾಲಿಗೆ ನನ್ನ ಹೆಸರು ಏರಿದ್ದನ್ನು ಭಾವನಿಗೆ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಹೇಳುವುದೇ ಬೇಡ ಎಂದು ತೀರ್ಮಾನಿಸಿದೆ.

"ದಿನವೂ ಹಚ್ಕೋತೀರಾ?" ಎಂದು ಕೇಳಿದೆ.

"ಮಿಷನ್ ತುಳ್ದೂ ತುಳ್ದೂ ಬೆನ್ನು ಇಡ್ಕತದೆ. ನಂಗ್ಯಾರಕ್ಕ ಅವ್ರೆ ತಿಕ್ಕೋರು?" ಎಂದು ನಕ್ಕಳು. ಆಮೇಲೆ ನಾನು ಕುಕ್ಕರಗಾಲಿನಿಂದ ಸೊಂಟ ಹಿಡಿದು ಏಳುವುದನ್ನು ನೋಡಿದಳು. "ನಿಮ್ಗೂ ನೋವಾ? ಈ ಕಡೆ ತಿರುಕ್ಕಳಿ, ಎಣ್ಣೆ ಅದೆ, ಒಸಿ ತಿಕ್ಕೊಡ್ತೀನಿ. ಕೈಯಲ್ ತಿಕ್ದಂಗೆ ಕೋಲಲ್ ಆಯ್ತದಾ?"

ಎಷ್ಟೋ ಕಾಲದ ಮೇಲೆ ಒಬ್ಬರು ನನ್ನನ್ನು ಹೀಗೆ ಕೇಳಿದ್ದರು.

"ಅಯ್ಯೋ ಬೇಡ, ಬಸ್ಸಿಗೆ ಹೊತ್ತಾಯಿತು" ಎಂದು ನಕಲಿ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಬಂದೆ.

ಬಸ್ಸಿಗೆ ಹೊತ್ತೇನೂ ಆಗಿರಲಿಲ್ಲ. ಅದು ಬರುವುದು ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಎಂದು ನಿಲ್ದಾಣದಲ್ಲಿ ಮಲಗಿದ್ದ ಮುದುಕರೊಬ್ಬರು ಹೇಳಿ, ಮಗ್ಗುಲು ಬದಲಿಸಿದರು. ವಾಪಸ್ ಹೋಗಿ, ನಾಲ್ಕು ಹೆಜ್ಜೆಯ ದೂರದಲ್ಲಿದ್ದ ಜಯಮ್ಮನ ಬಾಗಿಲಲ್ಲಿ ನಿಂತು, ತಿಕ್ಕಿಕೊಡಿ ಎಂದು ಹೇಳಬಹುದಿತ್ತು. ಹೊಲಿಗೆ ಯಂತ್ರದ ಸದ್ದು ಅಲ್ಲಿಗೂ ಕೇಳುತ್ತಿತ್ತು. ಒಂದೆರಡು ಸಲ ಎದ್ದೆ, ಕೂತೆ. ಕೋಲು ಕೈಯಲ್ಲೇ ಇತ್ತು. ಆದರೆ ಅದನ್ನು ಬಳಸಿದರೆ ವರ್ಕ್‌ಶಾಪಿನವರಿಗೆ ಕೊಟ್ಟ ಮಾತು ತಪ್ಪುತ್ತದೆ.

ನೋವು ಜಾಸ್ತಿಯಾಯಿತು. ಅತ್ತಿತ್ತ ನೋಡಿದೆ. ಮುದುಕರಿಗೆ ನಿದ್ದೆ ಹತ್ತಿತ್ತು. ನಿಲ್ದಾಣದ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು ಮೇಲೆ ಕೆಳಗೆ ಉಜ್ಜಿಕೊಂಡೆ. ಹಾಯೆನಿಸಿತು. ಈ ವಿಧಾನಕ್ಕೆ ಪೇಟೆಂಟ್ ಇದೆಯೇ ಎಂದು ನಾನು ಹುಡುಕಿ ನೋಡಿಲ್ಲ. ಇದ್ದರೂ ಅದು ಎಮ್ಮೆಗಳ ಹೆಸರಿನಲ್ಲಿರುತ್ತದೆ.