ಸೋಬಾನೆಗೆ ಜೊತೆಗೂಡದ ಹಾರ್ಮೋನಿಯಂ ಪೆಟ್ಟಿಗೆಯವರಿಗೆ

ಹಂಗಳ, ಗುಂಡ್ಲುಪೇಟೆ ತಾಲ್ಲೂಕು
ಶುಕ್ರವಾರ

ಮಾನ್ಯರೇ,

ಬೆರಳಿಟ್ಟು ಒತ್ತುವ ತಮ್ಮ ಕರಿ ಮನೆ, ಬಿಳಿ ಮನೆಗಳೆಲ್ಲಕ್ಕೂ, ಬೆನ್ನ ಮೇಲಿನ ತಿದಿಗೂ ಬೇರೆಬೇರೆಯಾಗಿ ಶರಣುಗಳು. ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಇಂಟರ್‌ಮೀಡಿಯೆಟ್ ಮೊದಲ ವರ್ಷ ಓದುವವನು, ಜರ್ಮನ್ ರೀಡು ಹೊಟ್ಟೆಯಲ್ಲಿಟ್ಟುಕೊಂಡ ತಮ್ಮಂಥವರಿಗೆ ದೂರು ಬರೆಯುವುದು ಅಧಿಕಪ್ರಸಂಗವೇ ಸರಿ. ಆದರೆ ಸೋಮವಾರ ನಮ್ಮಕ್ಕ ಗುರುಮಲ್ಲಮ್ಮನ ಧಾರೆ, ತಾವು ಬಂದಂದಿನಿಂದ ಸೋದರತ್ತೆ ಶಾಂತಮಲ್ಲಮ್ಮನವರು ಸೋಬಾನೆಗೆ ಬಾಯಿ ತೆರೆಯುತ್ತಿಲ್ಲ.

ತಮ್ಮನ್ನು ಬಸ್ಸಿನ ಮೇಲೆ ಹಾಕಿಸಿ ತಂದವರು ಅತ್ತೆಯ ಯಜಮಾನರಾದ ಶಂಭುಲಿಂಗಪ್ಪ ಮಾವ. ಉಡಿಗಾಲದ ಬೀಗರ ಎದುರಿಗೆ ಪೆಟ್ಟಿಗೆಯಿಲ್ಲದಿದ್ದರೆ ಮರ್ಯಾದೆ ಉಳಿಯುವುದಿಲ್ಲವೆಂದು ಅವರ ನಂಬಿಕೆ. ಆದರೆ ಅತ್ತೆ ಹಾಡತೊಡಗಿದರೆ, ಗಾಂಧಾರ ಬಂದೊಡನೆ ತಾವು ಕೂದಲೆಳೆಯಷ್ಟು ಮೇಲೆ, ಅವರು ಕೆಳಗೆ. "ಅದು ನನ್ ಜೊತೆ ಬರಕಿಲ್ಲ, ನಾನು ಅದರ್ ಜೊತೆ ಓಗಕಿಲ್ಲ ಕಣಪ್ಪ. ಪೆಟ್ಟಿಗೆನೇ ಹಾಡ್ಕೊಳ್ಳಿ ಬುಡು" ಎಂದು ಅವರು ವೀಳ್ಯ ಮಡಿಸುತ್ತ ಕೂತುಬಿಟ್ಟರು.

ತಮ್ಮ ನ್ಯಾಯಬುದ್ಧಿಯನ್ನು ಹೊಗಳದೆ ಇರಲಾರೆ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದರೆ ಯಾವ ಮನೆಯಿಂದಾದರೂ ಹಾಡು ಎತ್ತಬಹುದು, ಅದಕ್ಕೆ ತೆರುವ ಬೆಲೆಯಾಗಿ, ಆಧಾರ ಸ್ವರವಾದ ಷಡ್ಜವೊಂದು ಬಿಟ್ಟು ಮಿಕ್ಕ ಸ್ವರಗಳೆಲ್ಲ ಅಷ್ಟಿಷ್ಟು ತಪ್ಪಿರುತ್ತವೆ ಎಂದು ನಮ್ಮ ಫಿಸಿಕ್ಸ್ ಲೆಕ್ಚರರು ಹೇಳಿದ್ದಾರೆ. ನಮ್ಮ ಹಾಸ್ಟೆಲಿನ ಅಂಗಿಗಳೂ ಹೀಗೇ. ವಾರ್ಡನ್ನರು ಎಲ್ಲರಿಗೂ ಒಂದೇ ಅಳತೆಗೆ ಹೊಲಿಸಿದ್ದಾರೆ. ಯಾರದನ್ನು ಯಾರು ಬೇಕಾದರೂ ತೊಡಬಹುದು, ಯಾರಿಗೂ ಸರಿಹೋಗುವುದಿಲ್ಲ. ಆದರೆ ಅತ್ತೆ ಹಾಸ್ಟೆಲಿನಲ್ಲಿ ಬೆಳೆದವರಲ್ಲ.

ಮಾವ ಸೋಲೊಪ್ಪಲಿಲ್ಲ. "ಫಿಸಿಕ್ಸ್ ಓದಿದ್ದೀಯಲ್ಲ, ಬಾರ್ಲಾ ಇಲ್ಲಿ" ಎಂದು ನನ್ನ ಕೈಗೆ ಕ್ಷೌರದ ಬ್ಲೇಡು ಕೊಟ್ಟು, ತಮ್ಮ ಮುಚ್ಚಳ ಬಿಚ್ಚಿಸಿ, ಗಾಂಧಾರದ ರೀಡಿನ ಹಿತ್ತಾಳೆ ನಾಲಗೆಯನ್ನು ಬುಡದಲ್ಲಿ ಕೆರೆಸಿದರು. ಸ್ವರ ತಗ್ಗಿತು. ಅತ್ತೆ ಒಲ್ಲದ ಮನಸ್ಸಿನಿಂದ ಸೋಬಾನೆ ಎತ್ತಿದರೆ ತಾವು ಬಿಸಿರೊಟ್ಟಿಯ ಮೇಲಿನ ಬೆಣ್ಣೆಯಂತೆ ಕೂಡಿಕೊಂಡಿರಿ. ಮಾವ ಮೀಸೆ ತಿರುವಿದರು. ಅದರ ಹಿಂದೆಯೇ ಬಂತು ಬೀಗರನ್ನು ಹಂಗಿಸುವ ಹಾಡು. ಬೈಯುವುದಕ್ಕೆ ಗಂಡುದನಿ ಬೇಕೆಂದು ಅತ್ತೆ ಷಡ್ಜವನ್ನೇ ಕೆಳಗಿಳಿಸಿದರು. ನಾವು ಕೆರೆದ ಗಾಂಧಾರ ಈ ಹಾಡಿಗೆ ಪಂಚಮವಾಯಿತು, ಪಂಚಮಕ್ಕೆ ಅದು ತೀರ ತಗ್ಗಾಗಿ ತಾವು ಊಳಿಟ್ಟಿರಿ. ಯುರೋಪಿನಲ್ಲೂ ಹಿಂದೆ ಒಂದು ಷಡ್ಜಕ್ಕೆ ಹೊಂದಿಸಿ ಇನ್ನೊಂದರಲ್ಲಿ ನುಡಿಸಿದಾಗ ಬರುತ್ತಿದ್ದ ಅಪಸ್ವರಕ್ಕೆ ತೋಳವೆಂದೇ ಹೆಸರಿತ್ತಂತೆ ಎಂದು ನಾನು ವಿವರಿಸಲು ಹೋದೆ. "ತ್ವಾಳ ಅಂತ ಬುಕ್ ನೋಡಿ ಹೇಳ್ಬೇಕೇನಪ್ಪ? ಬೀದಿ ನಾಯೆಲ್ಲ ಎದ್ದುಬುಟ್ಟವೆ!" ಎಂದರು ಅತ್ತೆ.

ಆದಕಾರಣ ತಾವು ದಯಮಾಡಿ ಸೋಮವಾರದೊಳಗೆ ಗಾಂಧಾರದ ಪಕ್ಕದಲ್ಲಿ ಹೊಸದೊಂದು ಮನೆ ಚಿಗುರಿಸಿಕೊಳ್ಳಬೇಕು. ಆಗದಿದ್ದರೆ, ಅತ್ತೆ ಬಾಯಿ ತೆರೆಯುವ ಮುನ್ನ ಅವರ ಮನಸ್ಸಿನ ಷಡ್ಜವನ್ನು ಊಹಿಸಿ ತಮ್ಮ ನಾಲಗೆಗಳನ್ನು ತಾವೇ ಕೆರೆದುಕೊಳ್ಳಬೇಕು. ಅದೂ ಆಗದಿದ್ದರೆ ನೆಗಡಿಯಾಗಿದೆಯೆಂದು ಸುಮ್ಮನಿರಬೇಕು. ಅತ್ತೆ ಹಾಡದ ಧಾರೆ ತನಗೆ ಬೇಡವೆಂದು ಅಕ್ಕ ಅಳುತ್ತಿದ್ದಾಳೆ. ಮಾವ ಮತ್ತೆ ಕೆರೆಸಲೆಂದು ಗಾಜಿನ ಲೋಟದೊಳಗೆ ಬ್ಲೇಡು ಮಸೆಯುತ್ತಿದ್ದಾರೆ. ಫಿಸಿಕ್ಸ್ ಓದಿದ ತಪ್ಪಿಗೆ ನಡುವೆ ಸಿಕ್ಕವನು ನಾನು.

ತಮ್ಮ ವಿಶ್ವಾಸಿ,
ಗುರುಪಾದಸ್ವಾಮಿ

ಪುನಶ್ಚ: ಇದನ್ನು ಮಡಿಸುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಕೇಳಿಸಿತು. ಬೀಗರ ಹಾಡಿಗೆ ಹೊಸ ನುಡಿಯೊಂದನ್ನು ಕಟ್ಟಿದ್ದಾರೆ, ಅದು ಉಡಿಗಾಲದವರ ಮೇಲಲ್ಲ:

"ಒತ್ತಿದಷ್ಟೂ ಉಬ್ಬೋ ಉಬ್ಬಸದ ಪೆಟ್ಟಿಗೆ
ತಿದಿ ಒತ್ತೋರಿಲ್ದೆ ಉಸುರಿಲ್ಲ."

ಇಷ್ಟು ಚೆನ್ನಾಗಿ ಬಂದದ್ದನ್ನು ಹಾಡದೆ ಬಿಡುವುದುಂಟೇ ಎಂದು ಸೋಮವಾರ ಬಾಯಿ ತೆರೆಯಲು ಒಪ್ಪಿದ್ದಾರೆ. ಸೋಬಾನೆಯಿಂದಲೇ ಶುರುಮಾಡುತ್ತಾರಂತೆ. ತಾವು ಮಾತ್ರ ಬೀಗರಿಗೆ ಕಾಣುವಂತೆ ಎದುರಿಗೇ ಕೂತಿರಬೇಕಂತೆ, ಹಾರ ಹಾಕಿಸಿಕೊಂಡು, ಮುಚ್ಚಳ ಮುಚ್ಚಿಕೊಂಡು. ಮಾವನಿಗೂ ಒಪ್ಪಿಗೆಯಾಗಿದೆ. ತಮ್ಮ ಒಪ್ಪಿಗೆಯನ್ನು ಬೇಗ ತಿಳಿಸಿ.